ಎರಡು ದಿನದಲ್ಲಿ ಸಿಂಗಾಪುರದ ಇತಿಹಾಸ ನಡ್ಕೊಂಡೇ ನೋಡೋದು ಹೇಗೆ (ಮೆರ್ಲಯನ್ ಬಿಟ್ಟು)

ನಮ್ಮ ಕಡೆಯಿಂದ ಸಿಂಗಾಪುರಕ್ಕೆ ಬರೋರ ಪ್ಲಾನ್ ನಂಗೆ ಬಾಯಿಪಾಠ ಆಗ್ಬಿಟ್ಟಿದೆ. ಮೊದಲ ದಿನ ಮೆರ್ಲಯನ್ ಬಾಯಿಂದ ಬೀಳೋ ನೀರು ಕುಡಿಯೋ ಥರ ಫೋಟೋ, ಎರಡನೇ ದಿನ ಸೆಂಟೋಸ, ಮೂರನೇ ದಿನ ಮುಸ್ತಫಾದಲ್ಲಿ ಚಾಕ್ಲೇಟು ಟೈಗರ್ ಬಾಮು, ವಾಪಸ್. ತಪ್ಪೇನಿಲ್ಲ, ನಾನೂ ಮೊದಲ ಸಲ ಹಂಗೇ ಮಾಡಿದ್ದು. ಆದ್ರೆ ಒಂದ್ಸಲ ನಮ್ಮ ಸೋದರಮಾವ ಬಂದಿದ್ರು, ಸರ್ವೆ ಇಲಾಖೆಲಿ ಮೂವತ್ತು ವರ್ಷ ಚೈನು ಎಳೆದು ರಿಟೈರ್ ಆದೋರು, ಏರ್‌ಪೋರ್ಟಿಂದ ಬರ್ತಾ ಟ್ಯಾಕ್ಸಿಲೇ ಶುರು ಮಾಡಿದ್ರು, "ಲೋ, ಎಸ್ಸೆಂ ಕೃಷ್ಣ ಕಾಲದಿಂದ್ಲೂ ಬೆಂಗಳೂರನ್ನ ಸಿಂಗಾಪುರ ಮಾಡ್ತೀವಿ ಅಂತ ಕೇಳ್ತಾನೇ ಇದೀನಿ, ಮೊದಲು ಈ ಸಿಂಗಾಪುರನ ಸಿಂಗಾಪುರ ಮಾಡಿದ್ದು ಯಾರು ಅಂತ ತೋರ್ಸು" ಅಂತ. ಅವ್ರಿಗೋಸ್ಕರ ಮಾಡಿದ ರೂಟು ಇದು. ಆಮೇಲೆ ಬಂದೋರಿಗೆಲ್ಲ ಇದನ್ನೇ ತೋರಿಸ್ತಿದೀನಿ, ನೀವೂ ಎರಡು ದಿನ ಎತ್ತಿಡೋಕಾದ್ರೆ ಮಾಡಿ ನೋಡಿ.

ಹೊರಡೋಕೆ ಮುಂಚೆ ತಲೆಯಿಂದ ಒಂದು ವಿಷ್ಯ ತೆಗೆದುಹಾಕ್ಬೇಕು. "ಇದೊಂದು ಮೀನುಗಾರರ ಹಳ್ಳಿ ಆಗಿತ್ತು, 1965ರಲ್ಲಿ ಸ್ವಾತಂತ್ರ್ಯ ಬಂತು, ಒಬ್ಬ ಪುಣ್ಯಾತ್ಮ ಬಂದು ಮೂವತ್ತು ವರ್ಷದಲ್ಲಿ ಹಿಂಗೆ ಮಾಡ್ಬಿಟ್ಟ" ಅನ್ನೋ ವಾಟ್ಸಾಪ್ ಕಥೆ. 1965ರ ಹೊತ್ತಿಗೆ ಇದು ಸುಮಾರು 19 ಲಕ್ಷ ಜನ ಇದ್ದ ಊರು, ಏಷ್ಯಾದ ದೊಡ್ಡ ಬಂದರುಗಳಲ್ಲಿ ಒಂದು. ನಂಗೆ ಇಷ್ಟು ವರ್ಷ ಇಲ್ಲಿದ್ದು ಅನ್ಸಿರೋದು ಏನಂದ್ರೆ, ಬ್ರಿಟಿಷರು ಬಿಟ್ಟುಹೋದ ಮಷೀನನ್ನ ಇವ್ರು ಗುಜರಿಗೆ ಹಾಕ್ಲಿಲ್ಲ, ಬಿಚ್ಚಿ, ಎಣ್ಣೆ ಬಿಟ್ಟು, ಬೇಕಾದ ಪಾರ್ಟ್ ಬದಲಾಯಿಸಿ ತಾವೇ ಓಡಿಸೋಕೆ ಶುರು ಮಾಡಿದ್ರು. ಅದ್ರಲ್ಲಿ ಒಳ್ಳೇ ಪಾರ್ಟೂ ಇತ್ತು, ಕೆಟ್ಟದ್ದೂ ಇತ್ತು. ಹಾಗಾಗಿ ಪ್ರತಿ ಜಾಗದಲ್ಲೂ ನಿಂತ್ಕೊಂಡು ಎರಡೇ ಪ್ರಶ್ನೆ ಕೇಳ್ಕೊಳ್ಳಿ, ಇದನ್ನ ಕಟ್ಟಿದ್ದು ಯಾರು ಯಾತಕ್ಕೆ, ಈಗ ಇದನ್ನ ಯಾರು ಯಾತಕ್ಕೆ ಇಟ್ಕೊಂಡಿದಾರೆ. ಅಷ್ಟು ಮಾಡಿದ್ರೆ ಗೈಡ್ ಬೇಡ.

ತಗೊಂಡು ಹೋಗ್ಬೇಕಾದ್ದು ಒಂದು ಛತ್ರಿ (ಮಳೆಗೂ ಬಿಸಿಲಿಗೂ, ಭೂಮಧ್ಯರೇಖೆ ಪಕ್ಕದಲ್ಲೇ ಇದೀವಿ), ನೀರಿನ ಬಾಟ್ಲಿ, ನಡೆದು ಪಳಗಿದ ಚಪ್ಪಲಿ. ಎಂ.ಆರ್.ಟಿ.ಗೆ (ಇಲ್ಲಿನ ಮೆಟ್ರೋ) ಬೇರೆ ಟಿಕೆಟ್ ಬೇಡ, ನಿಮ್ಮ ಬ್ಯಾಂಕ್ ಕಾರ್ಡ್ ಟ್ಯಾಪ್ ಆಗತ್ತೆ, ಆದ್ರೆ ಇಂಡಿಯಾ ಕಾರ್ಡ್ ಆದ್ರೆ ಇಂಟರ್‌ನ್ಯಾಷನಲ್ ಆನ್ ಮಾಡ್ಸ್ಕೊಂಡು ಬನ್ನಿ. ಬೆಳಿಗ್ಗೆ ಎಂಟೂವರೆಗೆಲ್ಲ ಹೊರಟ್ಬಿಡಿ, ಹನ್ನೊಂದರ ಮೇಲೆ ಬೆಟ್ಟ ಹತ್ತೋದು ಅಂದ್ರೆ ಬೆವರಲ್ಲಿ ಸ್ನಾನ.

ಶುರು ಮಾಡ್ಬೇಕಾದ್ದು ಧೋಬಿ ಘಾಟ್ ಸ್ಟೇಷನ್ನಿಂದ. ಹೌದು, ಅದೇ ನಮ್ಮ ಧೋಬಿ, ಅದೇ ಘಾಟ್. ಇಲ್ಲಿ ಹರೀತಿದ್ದ ತೊರೆಲಿ ಇಂಡಿಯಾದಿಂದ ಬಂದ ಅಗಸರು ಬಟ್ಟೆ ಒಗೀತಿದ್ರು, ತೊರೆ ಈಗ ಕಾಲುವೆಯಾಗಿ ರಸ್ತೆ ಕೆಳಗೆ ಹೋಗಿದೆ, ಹೆಸರು ಮಾತ್ರ ಮೂರು ಲೈನ್ ಸೇರೋ ಜಂಕ್ಷನ್‌ಗೆ ಅಂಟ್ಕೊಂಡಿದೆ. ಹೊರಗೆ ಬಂದ್ರೆ ಪಕ್ಕದಲ್ಲೇ ಕ್ಯಾಥೇ ಬಿಲ್ಡಿಂಗ್, ಮುಂಭಾಗದ ಗೋಡೆ ಮಾತ್ರ ಹಳೇದು. 1943ರ ಅಕ್ಟೋಬರ್ 21ಕ್ಕೆ ಸುಭಾಷ್ ಚಂದ್ರ ಬೋಸ್ ಆಜಾದ್ ಹಿಂದ್ ಸರ್ಕಾರ ಘೋಷಣೆ ಮಾಡಿದ್ದು ಇಲ್ಲೇ. ಸಿನಿಮಾ ಹಾಲ್ ಒಳಗೆ ಒಂದು ಸರ್ಕಾರ ಹುಟ್ತು. ಒಂದು ಫೋಟೋ ತಗೊಂಡು ಮುಂದೆ ನಡೀರಿ, ಬೋಸ್ ಮತ್ತೆ ಸಿಗ್ತಾರೆ.

ಅಲ್ಲಿಂದ ಫೋರ್ಟ್ ಕ್ಯಾನಿಂಗ್ ಬೆಟ್ಟ. ಬೆಟ್ಟ ಅಂತ ಹೆಸರಿಗೆ, ಐವತ್ತು ಮೀಟರೂ ಇಲ್ಲ, ಚಾಮುಂಡಿ ಬೆಟ್ಟ ನೋಡಿದೋರು ನಗ್ತೀರ. ಮಂಡಿನೋವು ಇರೋರಿಗೆ ಒಂದೆರಡು ಕಡೆಯಿಂದ ಎಸ್ಕಲೇಟರೂ ಇದೆ. ಆದ್ರೆ ಈ ಊರಿನ ಕಥೆ ಪೂರ್ತಿ ಒಂದೇ ಜಾಗದಲ್ಲಿ ಪದರ ಪದರವಾಗಿ ಕೂತಿರೋದು ಇಲ್ಲೇ, ಅದಕ್ಕೇ ಇಲ್ಲಿ ಒಂದೂವರೆ ಗಂಟೆ ಕೊಡಿ. ಮಲಯರು ಇದನ್ನ ಬುಕಿತ್ ಲಾರಂಗಾನ್ ಅಂತಿದ್ರು, ಅಂದ್ರೆ ನಿಷೇಧದ ಬೆಟ್ಟ, ಹಳೇ ರಾಜರು ಇದ್ದ ಜಾಗ ಅಂತ ಯಾರೂ ಹತ್ತುತಿರ್ಲಿಲ್ಲ. ಮಲಯ ಐತಿಹ್ಯದ ಪ್ರಕಾರ ಸಂಗ್ ನೀಲ ಉತಾಮ ಅನ್ನೋ ರಾಜಕುಮಾರ ಇಲ್ಲಿ ಸಿಂಹದಂಥ ಪ್ರಾಣಿ ನೋಡಿ ಸಿಂಗಪುರ ಅಂತ ಹೆಸರಿಟ್ಟ, 1299ರ ಸುಮಾರಿಗೆ. ಸಿಂಹ ಈ ಕಡೆ ಯಾವತ್ತೂ ಇರ್ಲಿಲ್ಲ ಅನ್ನೋದು ಬೇರೆ ಮಾತು. ಐತಿಹ್ಯ ಹಾಳಾಗ್ಲಿ ಅಂದ್ರೂ, 1984ರಿಂದ ಇಲ್ಲಿ ಅಗೆದಾಗ 14ನೇ ಶತಮಾನದ ಚೀನಾ ಪಿಂಗಾಣಿ ಚೂರು, ಗಾಜಿನ ಮಣಿ ಸಿಕ್ಕಿದಾವೆ, ಅಂದ್ರೆ ಬ್ರಿಟಿಷರು ಬರೋಕೆ ಐನೂರು ವರ್ಷ ಮುಂಚೆನೇ ಇಲ್ಲಿ ವ್ಯಾಪಾರದ ಊರಿತ್ತು, ತೆಮಾಸೆಕ್ ಅಂತ. ಅಗೆದ ಗುಂಡಿನ ಮೇಲೆ ಮಾಡು ಹಾಕಿ ಹಾಗೇ ಬಿಟ್ಟಿದಾರೆ, ನೋಡ್ಬೋದು.

ಬೆಟ್ಟದ ಬುಡದಲ್ಲೇ ನ್ಯಾಷನಲ್ ಮ್ಯೂಸಿಯಂ. ಅಲ್ಲಿ ಎರಡೇ ವಸ್ತು ನೋಡಿದ್ರೂ ಸಾಕು. ಒಂದು, ಬೆಟ್ಟದ ಮೇಲೆ 1920ರ ದಶಕದಲ್ಲಿ ನೀರಿನ ಟ್ಯಾಂಕ್ ಕಟ್ಟೋವಾಗ ಕೂಲಿಯವ್ರಿಗೆ ಸಿಕ್ಕಿದ ಚಿನ್ನದ ಒಡವೆ. ತೋಳಬಂದಿ ಮೇಲಿರೋ ಮುಖ ನೋಡಿ, ನಮ್ಮ ದೇವಸ್ಥಾನದ ಬಾಗಿಲವಾಡದ ಮೇಲೆ, ಪ್ರಭಾವಳಿ ತುದೀಲಿ ಕಣ್ಣು ಬಿಟ್ಕೊಂಡು ಕೂತಿರತ್ತಲ್ಲ ಕೀರ್ತಿಮುಖ, ಅದೇ. ಜಾವಾ ಕಡೆ ಕಾಲ ಅಂತಾರೆ. ನಮ್ಮ ಮಾವ ಐದು ನಿಮಿಷ ಅಲ್ಲಾಡ್ಲೇ ಇಲ್ಲ ಅದ್ರ ಮುಂದೆ. ಎರಡನೇದು ಸಿಂಗಾಪುರ ಶಿಲೆ, ಹಳೇ ಶಾಸನದ ಒಂದು ಚೂರು. ಸಿಂಗಾಪುರ ಹೊಳೆ ಬಾಯಲ್ಲಿ ಆಳೆತ್ತರದ ಶಾಸನ ಇತ್ತು, 1843ರಲ್ಲಿ ಜಾಗ ಬೇಕು ಅಂತ ಬ್ರಿಟಿಷ್ ಎಂಜಿನಿಯರುಗಳು ಮದ್ದಿಟ್ಟು ಸಿಡಿಸಿಬಿಟ್ರು. ಉಳಿದ ಚೂರಿನ ಲಿಪಿನ ಇವತ್ತಿಗೂ ಓದೋಕೆ ಆಗಿಲ್ಲ. ಮ್ಯೂಸಿಯಂ ಒಳಗೆ ಆಗಾಗ ರಿಪೇರಿ ನಡೀತಿರತ್ತೆ, ಯಾವ ಗ್ಯಾಲರಿ ತೆಗೆದಿದೆ ಅಂತ ಮೊದಲೇ ಅವ್ರ ಸೈಟಲ್ಲಿ ನೋಡ್ಕೊಂಡು ಹೋಗಿ.

ಬೆಟ್ಟದ ಹೆಸರಿನ ಬಗ್ಗೆ ಹೇಳೋದು ಮರೆತೆ. ಕ್ಯಾನಿಂಗ್ ಅಂದ್ರೆ ಯಾರು? 1857ರ ದಂಗೆ ಟೈಮಲ್ಲಿ ಇಂಡಿಯಾದ ಗವರ್ನರ್ ಜನರಲ್ ಆಗಿದ್ದು ಆಮೇಲೆ ಮೊದಲ ವೈಸ್‌ರಾಯ್ ಆದ ಅದೇ ಲಾರ್ಡ್ ಕ್ಯಾನಿಂಗ್. ಅವನ ಹೆಸರು ಇಲ್ಯಾಕೆ ಅಂದ್ರೆ ಸಿಂಗಾಪುರ ಶುರುವಿಂದ 1867ರ ವರೆಗೂ ಕಲ್ಕತ್ತಾ ಕೈಕೆಳಗೇ ಇತ್ತು. ಇದನ್ನ ಕೇಳಿ ನಮ್ಮೋರು ಬಹಳ ಜನ ಆಶ್ಚರ್ಯ ಪಡ್ತಾರೆ. ಇಲ್ಲಿನ ವ್ಯಾಪಾರಿಗಳಿಗೆ ಕಲ್ಕತ್ತಾ ಕಂಡ್ರೆ ಆಗ್ತಿರ್ಲಿಲ್ಲ, ನಮ್ಮ ಡಾಲರ್ ಬಿಡಿಸಿ ರೂಪಾಯಿ ತರೋಕೆ ನೋಡ್ತಾರೆ, ಇಂಡಿಯಾದ ಕೈದಿಗಳನ್ನೆಲ್ಲ ತಂದು ಇಲ್ಲಿ ಸುರೀತಾರೆ ಅಂತ ಕಂಪ್ಲೇಂಟ್ ಮೇಲೆ ಕಂಪ್ಲೇಂಟ್ ಬರೆದು ಕೊನೆಗೆ 1867ರ ಏಪ್ರಿಲ್ 1ಕ್ಕೆ ನೇರ ಲಂಡನ್ ಕೆಳಗೆ ಹೋದ್ರು. ಅದೇ ಬೆಟ್ಟದ ಹೊಟ್ಟೆಲಿ ಬ್ಯಾಟಲ್‌ಬಾಕ್ಸ್ ಅಂತ ನೆಲಮಾಳಿಗೆ ಇದೆ, 1942ರ ಫೆಬ್ರವರಿ 15ರ ಬೆಳಿಗ್ಗೆ ಬ್ರಿಟಿಷ್ ಸೇನಾಪತಿ ಜನರಲ್ ಪರ್ಸಿವಲ್ ಜಪಾನಿಯರ ಮುಂದೆ ಸೋಲೊಪ್ಪೋಣ ಅಂತ ತೀರ್ಮಾನ ಮಾಡಿದ್ದು ಅಲ್ಲಿ. ಮೇಲೆ ಮಲಯ ರಾಜ, ಮಧ್ಯದಲ್ಲಿ ಬ್ರಿಟಿಷ್ ಕೋಟೆ ಬಾಗಿಲು, ಕೆಳಗೆ ಸೋತ ಸಾಮ್ರಾಜ್ಯ, ಎಲ್ಲ ಒಂದೇ ಗುಡ್ಡ.

ಈಗ ಇಳಿದು ಹೊಳೆ ಕಡೆ. ನಾರ್ತ್ ಬೋಟ್ ಕೀ ದಂಡೆಲಿ ಕೈಕಟ್ಟಿ ನಿಂತಿರೋ ಬಿಳಿ ಪ್ರತಿಮೆ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿ ರಾಫಲ್ಸ್‌ದು. ಅದು 1972ರ ನಕಲು, ಅಸಲಿ ಕಂಚಿಂದು 1887ರದ್ದು, ಸ್ವಲ್ಪ ಹಿಂದೆ ವಿಕ್ಟೋರಿಯಾ ಥಿಯೇಟರ್ ಮುಂದೆ ಕಪ್ಪಗೆ ನಿಂತಿದೆ. ಎಲ್ಲ ಟೂರ್ ಗೈಡುಗಳೂ "1819ರ ಜನವರಿಲಿ ರಾಫಲ್ಸ್ ಇಲ್ಲಿಳಿದ, ಸಿಂಗಾಪುರ ಶುರುವಾಯ್ತು" ಅಂತಾರೆ. ನೀವು ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕಂದ್ರೆ ನಿಜವಾದ ಮಜಾ ಇರೋದು ಆಮೇಲಿನ ಒಂದು ವಾರದಲ್ಲಿ. ಈ ದ್ವೀಪ ಸೇರಿದ್ದ ಜೊಹೋರ್-ರಿಯಾವು ರಾಜ್ಯದ ಸುಲ್ತಾನ 1812ರಲ್ಲಿ ಸತ್ತಿದ್ದ, ಇಬ್ರು ಮಕ್ಕಳು, ದೊಡ್ಡೋನು ಹುಸೇನ್ ಊರಲ್ಲಿಲ್ಲದಾಗ ಚಿಕ್ಕೋನನ್ನ ಗದ್ದಿಗೆ ಮೇಲೆ ಕೂರಿಸಿದ್ರು, ಡಚ್ಚರು ಅವನ ಪರ. ರಾಫಲ್ಸ್ ಏನ್ಮಾಡ್ದ, ಹುಸೇನ್‌ನ ಕರೆಸ್ಕೊಂಡು "ನೀನೇ ನಿಜವಾದ ಸುಲ್ತಾನ" ಅಂತ ಪಟ್ಟ ಕಟ್ಟಿ ಫೆಬ್ರವರಿ 6ಕ್ಕೆ ಅವನ ಕೈಲೇ ಒಪ್ಪಂದಕ್ಕೆ ಸಹಿ ಹಾಕ್ಸ್ಕೊಂಡ. ಸುಲ್ತಾನನಿಗೆ ವರ್ಷಕ್ಕೆ 5,000 ಸ್ಪ್ಯಾನಿಷ್ ಡಾಲರ್, ಊರಿನ ಅಧಿಕಾರಿ ತೆಮೆಂಗ್ಗೊಂಗ್‌ಗೆ 3,000, ಕಂಪನಿಗೆ ಅಂಗಡಿ ಇಡೋಕೆ ಜಾಗ. ಐದು ವರ್ಷ ಆದ್ಮೇಲೆ 1824ರಲ್ಲಿ ಇನ್ನೊಂದು ಒಪ್ಪಂದ, ಆಗ ಇಡೀ ದ್ವೀಪನೇ ಬರೆಸ್ಕೊಂಡ್ರು. ಇದನ್ನ ಕೇಳಿ ಮಾವ ಅಂದ್ರು, "ಇದು ಶ್ರೀರಂಗಪಟ್ಟಣದ ಮಾಡೆಲ್ ಕಣೋ". ಸರಿಯಾಗೇ ಹೇಳಿದ್ರು. ಟಿಪ್ಪು ಸತ್ತ ವರ್ಷ, 1799ರಲ್ಲಿ, ಇದೇ ಕಂಪನಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಗದ್ದಿಗೆ ಮೇಲೆ ಕೂರಿಸಿ ಒಪ್ಪಂದ ಮಾಡ್ಕೊಂಡಿತ್ತು. ಆಮೇಲೆ ಮೈಸೂರನ್ನ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ 1811ರಲ್ಲಿ ಜಾವಾಕ್ಕೆ ಹೋಗಿ ರಾಫಲ್ಸ್ ಜೊತೆ ಕೆಲಸ ಮಾಡಿದೋನು. ಅದೇ ಜನ, ಅದೇ ಫೈಲು. ಮೆಕೆಂಜಿ ಹೆಸರು ತೆಗೆದಿದ್ದೇ ಮಾವ ಮೆಟ್ಟಿಲ ಮೇಲೆ ಕೂತು ಸರಪಳಿ ಅಳತೆ ಬಗ್ಗೆ ಅರ್ಧ ಗಂಟೆ ಹೇಳಿದ್ರು, ಅದು ಇಲ್ಲಿ ಬೇಡ.

ಹೊಳೆ ದಂಡೆಲಿ ಇನ್ನೊಂದು ವಿಷ್ಯ. ಈ ನೀರು 1970ರ ದಶಕದಲ್ಲಿ ಹೆಂಗಿತ್ತು ಅಂತ ಗೊತ್ತಾಗ್ಬೇಕಂದ್ರೆ ವೃಷಭಾವತಿ ಸೇತುವೆ ಮೇಲೆ ಮೂಗು ಮುಚ್ಕೊಂಡು ಹೋಗಿದ್ದು ನೆನೆಸ್ಕೊಳ್ಳಿ. ಹಂದಿ ಸಾಕಣೆ, ಬೀದಿಬದಿ ಅಡುಗೆ ಕೊಳೆ, ದೋಣಿಗಳ ಎಣ್ಣೆ, ಕಕ್ಕಸು, ಎಲ್ಲ ಇಲ್ಲಿಗೇ. 1977ರಲ್ಲಿ ಆಗಿನ ಪ್ರಧಾನಿ ಲೀ ಕುವಾನ್ ಯೂ ಹತ್ತು ವರ್ಷದ ಗಡುವು ಕೊಟ್ರು, 1987ಕ್ಕೆ ಮುಗಿಸಿದ್ರು. ನೀರು ಸೋಸಿದ್ದಕ್ಕಿಂತ ಜಾಸ್ತಿ ಮಾಡಿದ್ದು ಜನರನ್ನ ಎತ್ತಿದ್ದು, ಹಂದಿ ಸಾಕೋರು, ಬೀದಿ ವ್ಯಾಪಾರಿಗಳು, ಗುಡಿಸಲಲ್ಲಿದ್ದೋರು ಎಲ್ಲರಿಗೂ ಬೇರೆ ಜಾಗ ಕೊಟ್ಟು ಸಾಗಿಸಿದ್ರು, ನೂರೈವತ್ತು ವರ್ಷದಿಂದ ಇಲ್ಲೇ ಇದ್ದ ಸರಕು ದೋಣಿಗಳನ್ನ 1983ರಲ್ಲಿ ಒಂದೇ ಸಲ ಬೇರೆ ಕಡೆ ಕಳಿಸಿದ್ರು. ಈಗ ಕಾಣೋ ದೋಣಿಗಳೆಲ್ಲ ಟೂರಿಸ್ಟ್ ಸುತ್ತಿಸೋ ಬ್ಯಾಟರಿ ದೋಣಿ.

ಸೇತುವೆ ದಾಟಿ ಸೌತ್ ಬ್ರಿಡ್ಜ್ ರೋಡ್ ಹಿಡೀರಿ, ಚೈನಾಟೌನ್ ಕಡೆ. ಮಾರಿಯಮ್ಮನ ಗುಡಿ ಗೋಪುರ ದೂರದಿಂದ್ಲೇ ಕಾಣತ್ತೆ, ಅದಕ್ಕೆ ಸ್ವಲ್ಪ ಮುಂಚೆ ಹಸಿರು ಬಣ್ಣದ ಜಾಮೆ ಮಸೀದಿ. ಚೈನಾಟೌನ್ ನಡುವೆ ತಮಿಳರ ಗುಡಿ, ಮಸೀದಿ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಗುಡಿ ಕಟ್ಟಿಸಿದ್ದು ನಾರಾಯಣ ಪಿಳ್ಳೈ, 1819ರ ಮೇ ತಿಂಗಳಲ್ಲಿ ಪೆನಾಂಗ್‌ನಿಂದ ರಾಫಲ್ಸ್ ಹಡಗಲ್ಲೇ ಬಂದೋರು, ಇಲ್ಲಿ ಮೊದಲ ಇಟ್ಟಿಗೆ ಗೂಡು ಹಾಕಿದೋರು, ಗುಡಿ ಶುರುವಾಗಿದ್ದು 1827ರಲ್ಲಿ. ಅಂದ್ರೆ ಚೈನಾಟೌನ್ ಗಟ್ಟಿಯಾಗಿ ಬೆಳೆಯೋ ಹೊತ್ತಿಗೇ ಇವೂ ಇದ್ವು. ಆದ್ರೆ ಪ್ಲಾನ್ ಪ್ರಕಾರ ಊರನ್ನ ಜನಾಂಗದ ಲೆಕ್ಕದಲ್ಲಿ ಹಂಚಿದ್ದಂತೂ ನಿಜ. 1822ರಲ್ಲಿ ರಾಫಲ್ಸ್ ಕಮಿಟಿ ಮಾಡಿ, ಲೆಫ್ಟಿನೆಂಟ್ ಜಾಕ್ಸನ್ ಕೈಲಿ ನಕ್ಷೆ ಬರೆಸಿದ, ಚೀನೀಯರು ಹೊಳೆಯ ಆ ಕಡೆ, ಯುರೋಪಿನೋರು ಈ ಕಡೆ, ಮಲಯರು ಅರಬರು ಕಾಂಪೊಂಗ್ ಗ್ಲಾಮ್‌ನಲ್ಲಿ, ದಕ್ಷಿಣ ಭಾರತದೋರಿಗೆ ಚೂಲಿಯಾ ಕಾಂಪೊಂಗ್. ಅಂಗಡಿಮನೆಗಳ ಮುಂದೆ ಸಾಲಾಗಿ ಜಗಲಿ ಬಿಡ್ಬೇಕು ಅನ್ನೋ ನಿಯಮನೂ ಆಗಲೇ ಬಂದಿದ್ದು, ಈಗಲೂ ಅದ್ರ ಕೆಳಗೇ ನೀವು ಬಿಸಿಲು ತಪ್ಪಿಸ್ಕೊಂಡು ನಡೀತೀರ, ಐದಡಿ ದಾರಿ ಅಂತಾರೆ.

ಆ ಜನಾಂಗದ ಲೆಕ್ಕ ನಿಂತಿಲ್ಲ, ಇದನ್ನ ಗಮನಿಸಿ. ಇಲ್ಲಿನ ಗುರುತಿನ ಚೀಟಿಲಿ ಇವತ್ತಿಗೂ ಜನಾಂಗ ಅಂತ ಒಂದು ಸಾಲಿದೆ, ಚೀನೀ, ಮಲಯ, ಇಂಡಿಯನ್, ಇತರೆ. ಆದ್ರೆ ಉಪಯೋಗ ಉಲ್ಟಾ ಆಗಿದೆ. ಕಂಪನಿ ಬೇರೆ ಬೇರೆ ಇಡೋಕೆ ಲೆಕ್ಕ ಹಾಕ್ತು, ಈ ಸರ್ಕಾರ 1989ರಿಂದ ಅದೇ ಲೆಕ್ಕ ಇಟ್ಕೊಂಡು ಪ್ರತಿ ಸರ್ಕಾರಿ ವಸತಿ ಬ್ಲಾಕಲ್ಲೂ ಇಷ್ಟೇ ಪರ್ಸೆಂಟ್ ಅಂತ ಕೋಟಾ ಹಾಕಿ ಬೆರೆಸತ್ತೆ. ನಮ್ಮಂಥ ಕನ್ನಡದೋರು ಆ ಕಾಗದದ ಮೇಲೆ ಬರೀ ಇಂಡಿಯನ್. ಇಂಡಿಯನ್ ಅಂದ್ರೆ ಅಧಿಕೃತ ಭಾಷೆ ತಮಿಳು, ಸ್ಕೂಲಲ್ಲಿ ತಮಿಳು ಬೇಡ ಅಂದ್ರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ತಗೋಬೋದು, ಆ ಪಟ್ಟೀಲಿ ಕನ್ನಡ ಇಲ್ಲ. ಹಾಗಾಗಿ ಇಲ್ಲಿನ ಕನ್ನಡ ಮಕ್ಕಳ "ಮಾತೃಭಾಷೆ" ಮಾರ್ಕ್ಸ್ ಕಾರ್ಡಲ್ಲಿ ಹಿಂದಿ ಅಂತಲೋ ತಮಿಳು ಅಂತಲೋ ಇರತ್ತೆ. ಮನೇಲಿ ಅಜ್ಜಿ ಜೊತೆ ಮಾತಾಡೋದು ಬೇರೆ.

ಮಧ್ಯಾಹ್ನ ಮ್ಯಾಕ್ಸ್‌ವೆಲ್ ಫುಡ್ ಸೆಂಟರಲ್ಲಿ ಊಟ. ವೆಜ್ ಆದ್ರೆ ಕೇಳಿ ತಗೊಳ್ಳಿ, ಬರೀ "ವೆಜಿಟೇಬಲ್" ಅಂದ್ರೆ ಮೇಲೆ ಒಣ ಸೀಗಡಿ ಉದುರಿಸಿ ಕೊಡೋ ಸಾಧ್ಯತೆ ಇದೆ. ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟಿದ್ರೆ ಅದು ನಮ್ಮ ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿದಂಗೆ, ಸೀಟು ಬುಕ್ ಆಗಿದೆ ಅಂತ ಅರ್ಥ. ತಿಂದ ತಟ್ಟೆ ನೀವೇ ವಾಪಸ್ ಇಡ್ಬೇಕು, ಇಲ್ಲಾಂದ್ರೆ ಫೈನ್ ಬೀಳ್ಬೋದು. ಊಟ ಆದ್ಮೇಲೆ ಎದುರಿಗೇ ಸಿಂಗಾಪುರ್ ಸಿಟಿ ಗ್ಯಾಲರಿ, ಊರಿನ ದೊಡ್ಡ ಮಾಡೆಲ್ ಇದೆ, ಎಸಿ ಇದೆ, ಫ್ರೀ. ಬಿಸಿಲಿಳಿಯೋ ತನಕ ಅಲ್ಲೇ ಇರಿ.

ಆಮೇಲೆ ತೆಲೋಕ್ ಆಯರ್ ಬೀದಿ. ಥಿಯಾನ್ ಹಾಕ್ ಕೆಂಗ್ ಗುಡಿ ಸಮುದ್ರದೇವತೆದು, ಹಡಗಿಂದ ಇಳಿದೋರು ಬದುಕಿ ಬಂದ್ವಲ್ಲ ಅಂತ ಕೈ ಮುಗಿಯೋಕೆ ಬರ್ತಿದ್ರು. ಅದರ ಹತ್ರನೇ ನಾಗೂರ್ ದರ್ಗಾ, ತಮಿಳುನಾಡಿನ ನಾಗೂರಿನದ್ದೇ ಹರಕೆ. ಇಬ್ರೂ ಇಲ್ಲಿ ಯಾಕೆ ಅಂದ್ರೆ ಈ ಬೀದಿನೇ ಸಮುದ್ರ ದಂಡೆ ಆಗಿತ್ತು! ಈಗ ನಿಂತು ನೋಡಿದ್ರೆ ಸಮುದ್ರ ಎಲ್ಲಿ, ಕಣ್ಣಳತೆಲೇ ಇಲ್ಲ, ಬರೀ ಬ್ಯಾಂಕ್ ಕಟ್ಟಡ. 19ನೇ ಶತಮಾನದ ಕೊನೇಲೇ ಬ್ರಿಟಿಷರು ಇಲ್ಲಿ ಮಣ್ಣು ತುಂಬೋಕೆ ಶುರು ಮಾಡಿದ್ರು, ಆ ಅಭ್ಯಾಸ ಇವತ್ತಿಗೂ ನಿಂತಿಲ್ಲ. "ಇದೂ ಸಮುದ್ರನೇನೋ?" ಅಂತ ಮಾವ ಕೇಳಿದ್ರು, ಆಮೇಲೆ ಎರಡು ದಿನ ಪೂರ್ತಿ ಹೋದ ಹೋದ ಕಡೆಯೆಲ್ಲ ಅದೇ ಪ್ರಶ್ನೆ.

ಇಲ್ಲಿ ಬಂದಿಳಿದ ಕೂಲಿಗಳ ವಿಷ್ಯ ಒಂಚೂರು ಹೇಳ್ಬೇಕು, ಯಾಕಂದ್ರೆ ಸುಂಕವೇ ಇಲ್ಲದ ಬಂದರು ಅಂತ ಸಿಂಗಾಪುರನ ಹೊಗಳ್ತಾರಲ್ಲ, ಹಾಗಿದ್ರೆ ಸರ್ಕಾರ ನಡೆಸೋಕೆ ದುಡ್ಡೆಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಅಫೀಮು. ಅಫೀಮು, ಸಾರಾಯಿ ಮಾರೋ ಹಕ್ಕನ್ನ ಸರ್ಕಾರ ಹರಾಜು ಹಾಕ್ತಿತ್ತು, ನಮ್ಮಲ್ಲಿ ಅಬಕಾರಿ ಗುತ್ತಿಗೆ ಇತ್ತಲ್ಲ ಹಾಗೇ. 19ನೇ ಶತಮಾನದಲ್ಲಿ ದಶಕಗಟ್ಟಲೆ ಆದಾಯದ ಹೆಚ್ಚುಕಡಿಮೆ ಅರ್ಧ ಅಫೀಮಿಂದ್ಲೇ. ದಿನಪೂರ್ತಿ ಮೂಟೆ ಹೊತ್ತು ಮೈಕೈ ನೋವಿಗೆ ಅಂತ ಸೇದೋ ಕೂಲಿ ಜೇಬಿಂದ ಬಂದ ದುಡ್ಡು. ಹಡಗಿನ ಯಜಮಾನನಿಗೆ ಸುಂಕ ಇಲ್ಲ, ಹಡಗು ಇಳಿಸೋ ಕೂಲಿಗೆ ಇದೆ. ಅಫೀಮೇ ಬಹುಪಾಲು ಇಂಡಿಯಾದ್ದು, ಕಂಪನಿದೇ ಸರಕು.

ಮೊದಲ ದಿನ ಮುಗಿಸ್ಬೇಕಾದ್ದು ಸಿಟಿ ಹಾಲ್ ಸ್ಟೇಷನ್ ಹತ್ರ, ಸಂಜೆ ಐದಕ್ಕೆ. ಬಿಳೀ ಬಣ್ಣದ ಸೇಂಟ್ ಆಂಡ್ರೂಸ್ ಚರ್ಚ್ ನೋಡಿ. ಕಟ್ಟಿದ್ದು ಇಂಡಿಯಾದಿಂದ ಗಡೀಪಾರಾಗಿ ಬಂದ ಕೈದಿಗಳು. 1825ರಿಂದ 1873ರ ವರೆಗೂ ಈ ಊರಿನ ರಸ್ತೆ, ಸೇತುವೆ, ಗವರ್ನರ್ ಬಂಗ್ಲೆ (ಈಗ ರಾಷ್ಟ್ರಾಧ್ಯಕ್ಷರ ಇಸ್ತಾನಾ) ಎಲ್ಲದ್ರಲ್ಲೂ ಅವ್ರ ಕೈ ಇದೆ. ಕೈದಿಗಳಿಗೆ ಕೈದಿಗಳೇ ವಾರ್ಡರ್, ಅಷ್ಟು ಅಗ್ಗದ ವ್ಯವಸ್ಥೆ. ಚರ್ಚಿನ ಗೋಡೆ ಮುಟ್ಟಿ ನೋಡಿದ್ರೆ ನುಣ್ಣಗಿದೆ, ಮದ್ರಾಸ್ ಗಾರೆ ಅದು, ಚಿಪ್ಪಿನ ಸುಣ್ಣ, ಮೊಟ್ಟೆ ಬಿಳಿ, ಸಕ್ಕರೆ ಕಲಸಿ, ತೆಂಗಿನ ನಾರು ನೆನೆಸಿದ ನೀರು ಹಾಕಿ ಒಣಗಿದ್ಮೇಲೆ ಕಲ್ಲಲ್ಲಿ ಉಜ್ಜಿ ಹೊಳಪು ತಂದಿದ್ದು. ನಮ್ಮ ಹಳೇ ತೊಟ್ಟಿಮನೆ ಗಾರೆ ನೋಡಿದೋರಿಗೆ ಬೇರೆ ಹೇಳೋದು ಬೇಡ. ಇಲ್ಲಿ ಅವ್ರ ಹೆಸರಲ್ಲಿ ಒಂದು ಬೀದಿಯೂ ಇಲ್ಲ, ನಂಗೆ ಇದು ಪ್ರತಿ ಸಲ ಚುಚ್ಚತ್ತೆ.

ರಸ್ತೆ ದಾಟಿದ್ರೆ ಪಡಾಂಗ್, ಅಂದ್ರೆ ಮೈದಾನ. ಹುಲ್ಲಿನ ಮೇಲೆ ನಿಂತು ಎದುರಿನ ಸಿಟಿ ಹಾಲ್ ಮೆಟ್ಟಿಲು ನೋಡಿ (ಈಗ ನ್ಯಾಷನಲ್ ಗ್ಯಾಲರಿ). 1943ರ ಜುಲೈ 5ಕ್ಕೆ ಬೋಸ್ ಇಲ್ಲೇ ಐ.ಎನ್.ಎ. (ಆಜಾದ್ ಹಿಂದ್ ಸೇನೆ) ಪರೇಡ್ ನೋಡಿ "ಚಲೋ ದಿಲ್ಲಿ" ಅಂದಿದ್ದು. 1945ರ ಸೆಪ್ಟೆಂಬರ್ 12ಕ್ಕೆ ಇದೇ ಕಟ್ಟಡದಲ್ಲಿ ಮೌಂಟ್‌ಬ್ಯಾಟನ್ ಮುಂದೆ ಜಪಾನಿಯರು ಶರಣಾಗಿದ್ದು. 1963ರಲ್ಲಿ ಲೀ ಕುವಾನ್ ಯೂ ಮಲೇಶಿಯಾ ಸೇರಿದ್ವಿ ಅಂತ ಓದಿದ್ದೂ ಇದೇ ಮೆಟ್ಟಿಲ ಮೇಲೆ, ಮೂರು ವರ್ಷಕ್ಕೆ, 1966ರಲ್ಲಿ, ಬೇರೆ ದೇಶ ಆಗಿ ಮೊದಲ ರಾಷ್ಟ್ರೀಯ ದಿನದ ಪರೇಡೂ ಇಲ್ಲೇ. ಸ್ಟೇಜ್ ಅದೇ, ಪಾತ್ರಧಾರಿಗಳು ಬದಲಾಗ್ತಾ ಹೋದ್ರು. ಮೈದಾನದ ಆಚೆ ಎಸ್ಪ್ಲನೇಡ್ ಪಾರ್ಕಲ್ಲಿ ಐ.ಎನ್.ಎ. ಸ್ಮಾರಕದ ಜಾಗ ಇದೆ, ಅಸಲಿನ 1945ರಲ್ಲಿ ಬ್ರಿಟಿಷರು ವಾಪಸ್ ಬಂದ ತಕ್ಷಣ ಒಡೆದುಹಾಕಿದ್ರು, 1995ರಲ್ಲಿ ಒಂದು ಫಲಕ ನಿಲ್ಲಿಸಿದಾರೆ. ರಾತ್ರಿ ಹೆಂಗೂ ಮುಸ್ತಫಾಗೆ ಹೋಗ್ತೀರಲ್ಲ, ಅದರ ಪಕ್ಕದ ಫೆರರ್ ಪಾರ್ಕ್ ಹೆಸರು ನೋಡಿ, 1942ರ ಫೆಬ್ರವರಿ 17ಕ್ಕೆ ಸುಮಾರು 45 ಸಾವಿರ ಇಂಡಿಯನ್ ಸೈನಿಕರನ್ನ ಅಲ್ಲಿ ಸೇರಿಸಿ ಜಪಾನಿಯರ ಕೈಗೆ ಒಪ್ಪಿಸಿದ್ರು, ಐ.ಎನ್.ಎ. ಮಾತು ಅಷ್ಟೂ ಜನರ ಮುಂದೆ ಎದ್ದಿದ್ದು ಅವತ್ತೇ.

ಎರಡನೇ ದಿನ ಬೆಳಿಗ್ಗೆ ಬುಕಿತ್ ತಿಮಾ ಕಡೆ ಹಳೇ ಫೋರ್ಡ್ ಫ್ಯಾಕ್ಟರಿ. ಊರಿಂದ ಸ್ವಲ್ಪ ದೂರ, ಬಸ್ಸಲ್ಲಿ ಹೋಗಿ, ಹೊರಡೋ ಮುಂಚೆ ಟೈಮಿಂಗ್ ನೋಡ್ಕೊಳ್ಳಿ. ಕಾರು ಜೋಡಿಸೋ ಫ್ಯಾಕ್ಟರಿಲಿ ಬ್ರಿಟಿಷ್ ಸಾಮ್ರಾಜ್ಯ ಶರಣಾಯ್ತು, ಪರ್ಸಿವಲ್ ಒಂದು ಕಡೆ ಜಪಾನಿ ಸೇನಾಪತಿ ಯಮಾಶಿತ ಇನ್ನೊಂದು ಕಡೆ, ಆ ರೂಮು ಹಾಗೇ ಇದೆ. ಜಪಾನಿಯರು ಊರಿನ ಹೆಸರು ಸ್ಯೋನಾನ್ ಅಂತ ಬದಲಾಯಿಸಿದ್ರು, ಗಡಿಯಾರನೂ ಟೋಕಿಯೋ ಟೈಮಿಗೆ ತಿರುಗಿಸಿದ್ರು, ಮೊದಲ ವಾರಗಳಲ್ಲೇ ಸಾವಿರಾರು ಚೀನೀ ಗಂಡಸರನ್ನ ಆರಿಸಿ ಕರ್ಕೊಂಡು ಹೋಗಿ ಕೊಂದ್ರು. ಇಲ್ಲಿ ವಯಸ್ಸಾದೋರ ಧ್ವನಿ ರೆಕಾರ್ಡಿಂಗ್ ಕೇಳೋ ಹಾಗಿದ್ರೆ ಕೇಳಿ, ಮರಗೆಣಸು ತಿಂದು ಬದುಕಿದ್ದು ಪ್ರತಿಯೊಬ್ರೂ ಹೇಳ್ತಾರೆ. ಇಲ್ಲಿಂದ ಹೊರಗೆ ಬಂದಾಗ ಒಂದು ಅರ್ಥ ಆಗತ್ತೆ, 1945ಕ್ಕೆ ಬ್ರಿಟಿಷರು ವಾಪಸ್ ಬಂದ್ರೂ ದೊರೆ ಅಂತ ಹೆದರೋ ಕಾಲ ಮುಗಿದಿತ್ತು.

ಮಧ್ಯಾಹ್ನಕ್ಕೆ ಮನೆಗಳನ್ನ ನೋಡೋಕೆ ಹೋಗಿ. ಇದು ಮಾವನಿಗೆ ಬಹಳ ಇಷ್ಟ ಆದ ಭಾಗ, ನಂಗೂ. ತಿಯೋಂಗ್ ಬಾರುನಲ್ಲಿ ಇಳಿದ್ರೆ 1930ರ ದಶಕದ ವಸಾಹತು ಸರ್ಕಾರ ಕಟ್ಟಿದ ಮೂರ್ನಾಲ್ಕು ಮಹಡಿ ಫ್ಲ್ಯಾಟುಗಳು, ಗುಂಡು ಮೂಲೆ, ಚೆಂದ. ಆದ್ರೆ ಅವನ್ನ ಕಟ್ಟಿದ ಬ್ರಿಟಿಷರ ಟ್ರಸ್ಟು 32 ವರ್ಷದಲ್ಲಿ ಕಟ್ಟಿದ್ದು ಬರೀ 23 ಸಾವಿರ ಮನೆ. 1960ರಲ್ಲಿ ಬಂದ ಎಚ್.ಡಿ.ಬಿ. (ಸರ್ಕಾರಿ ವಸತಿ ಮಂಡಳಿ) ಐದೇ ವರ್ಷದಲ್ಲಿ 50 ಸಾವಿರ ದಾಟಿಸ್ತು. ಪಕ್ಕದಲ್ಲೇ ಬುಕಿತ್ ಹೋ ಸ್ವೀ, 1961ರ ಮೇ 25ಕ್ಕೆ ಅಲ್ಲಿ ಬೆಂಕಿ ಬಿದ್ದು ಒಂದೇ ಮಧ್ಯಾಹ್ನ ಸುಮಾರು 16 ಸಾವಿರ ಜನ ಬೀದಿಗೆ ಬಂದ್ರು, ಒಂದು ವರ್ಷದೊಳಗೆ ಅದೇ ಜಾಗದಲ್ಲಿ ಫ್ಲ್ಯಾಟ್ ಎದ್ದಿದ್ವು. ದುಡ್ಡು ಜಾಗ ಎಲ್ಲಿಂದ? ದುಡ್ಡಿಗೆ ಸಿ.ಪಿ.ಎಫ್., ನಮ್ಮ ಪಿ.ಎಫ್. ಥರ, ಅದನ್ನ 1955ರಲ್ಲಿ ಬ್ರಿಟಿಷರ ಕಾಲದಲ್ಲೇ ವೃದ್ಧಾಪ್ಯಕ್ಕೆ ಅಂತ ಶುರು ಮಾಡಿದ್ದು, 1968ರಲ್ಲಿ ಇವ್ರು ಅದೇ ದುಡ್ಡಲ್ಲಿ ಮನೆ ಕಂತು ಕಟ್ಬೋದು ಅಂದ್ರು. ಜಾಗಕ್ಕೆ 1966ರ ಭೂಸ್ವಾಧೀನ ಕಾಯ್ದೆ. ಆಮೇಲೆ ತಿದ್ದುಪಡಿ ತಂದು, ಯಾವಾಗ ತಗೊಂಡ್ರೂ ಪರಿಹಾರ 1973ರ ನವೆಂಬರ್ 30ರ ರೇಟಿಗಿಂತ ಜಾಸ್ತಿ ಇಲ್ಲ ಅಂತ ವರ್ಷಗಟ್ಟಲೆ ಕಟ್ಟಿಹಾಕಿದ್ರು. ಮಾವ ಮೂವತ್ತು ವರ್ಷ ಸ್ವಾಧೀನದ ನಕ್ಷೆ ಹಿಡ್ಕೊಂಡು ರೈತರ ಕೈಲಿ ಬೈಸ್ಕೊಂಡೋರು, ಬಾಯಿ ಬಿಟ್ಕೊಂಡು ಕೇಳಿದ್ರು, "ನಾವು ಹಿಂಗೆ ಮಾಡಿದ್ರೆ ಕಲ್ಲು ಗುರುತು ಹಾಕೋಕೆ ಹೋದೋರು ಊರಿಂದ ಹೊರಗೆ ಬರ್ತಿರ್ಲಿಲ್ಲ ಕಣೋ".

ಅದಕ್ಕೆ ಉತ್ತರ ಅನ್ನೋ ಥರ ಡಕ್ಸ್‌ಟನ್‌ನ ಪಿನಾಕಲ್ ಹತ್ತಿ, 50 ಮಹಡಿ ಸರ್ಕಾರಿ ಫ್ಲ್ಯಾಟು, ಸಣ್ಣ ಟಿಕೆಟ್ ತಗೊಂಡ್ರೆ ಮೇಲಿನ ಸೇತುವೆ ಮೇಲೆ ಬಿಡ್ತಾರೆ. ಅಲ್ಲಿಂದ ಬಂದರು ಕಾಣತ್ತೆ, ಕ್ರೇನ್ ಸಾಲು. 1965ರ ಆಗಸ್ಟ್ 9ಕ್ಕೆ ಮಲೇಶಿಯಾದಿಂದ ಬೇರೆ ಆದಾಗ ಲೀ ಟಿ.ವಿ. ಮುಂದೆ ಕಣ್ಣೀರು ಹಾಕಿದ್ದು ಎಲ್ಲರಿಗೂ ಗೊತ್ತು, ಹೊರಗೆ ಹಾಕಿದ್ರು ಅಂತಲೇ ಕಥೆ. ಆದ್ರೆ ಅವ್ರದ್ದೇ ಹಣಕಾಸು ಮಂತ್ರಿ ಗೋ ಕೆಂಗ್ ಸ್ವೀ ಗುಟ್ಟಾಗಿ ಕೂತು ಬೇರೆ ಆಗೋ ಮಾತುಕತೆ ಮುಗಿಸಿದ್ರು ಅನ್ನೋದು ಆಮೇಲೆ ಹೊರಗೆ ಬಂತು, ಅವ್ರೇ ಒಪ್ಕೊಂಡ್ರು. ಅವ್ರಿಗೆ ಸಲಹೆ ಕೊಡ್ತಿದ್ದ ಡಚ್ ಅರ್ಥಶಾಸ್ತ್ರಜ್ಞ ವಿನ್ಸೆಮಿಯಸ್ ಹೇಳಿದ ಒಂದು ಮಾತು ಕೇಳಿ, ರಾಫಲ್ಸ್ ಪ್ರತಿಮೆ ಕೆಡವ್ಬೇಡಿ, ಹೊರಗಿನ ಬಂಡವಾಳದೋರು ಅದನ್ನ ನೋಡಿ ಧೈರ್ಯ ಮಾಡ್ತಾರೆ ಅಂತ. ಅದಕ್ಕೇ ಅದು ಇನ್ನೂ ನಿಂತಿದೆ. 2019ರಲ್ಲಿ ಇನ್ನೂರು ವರ್ಷ ಆದಾಗ ಅದ್ರ ಪಕ್ಕ ಸಂಗ್ ನೀಲ ಉತಾಮ, ನಾರಾಯಣ ಪಿಳ್ಳೈ ಮುಂತಾದೋರ ಪ್ರತಿಮೆನೂ ಇಟ್ಟಿದ್ರು.

ಗೈಡ್ ಹೇಳದ ಇನ್ನೊಂದು ಪಾರ್ಟ್ ಇದೆ ಈ ಮಷೀನಲ್ಲಿ. 1948ರಲ್ಲಿ ಕಮ್ಯುನಿಸ್ಟ್ ದಂಗೆ ಅಂತ ಬ್ರಿಟಿಷರು ವಿಚಾರಣೆ ಇಲ್ಲದೆ ಒಳಗೆ ಹಾಕೋ ಕಾನೂನು ತಂದ್ರು. ಅದ್ರ ಮುಂದುವರಿಕೆ ಬೇರೆ ಹೆಸರಲ್ಲಿ ಇವತ್ತಿಗೂ ಪುಸ್ತಕದಲ್ಲಿದೆ. 1963ರ ಫೆಬ್ರವರಿ 2ರ ರಾತ್ರಿ ನೂರಕ್ಕೂ ಹೆಚ್ಚು ಎಡಪಂಥೀಯರನ್ನ ಹಿಡಿದ್ರು, ಲೀ ಪಕ್ಷಕ್ಕೆ ಎದುರಾಳಿ ಅಂತ ಇದ್ದೋರಲ್ಲಿ ಮುಖ್ಯವಾದೋರೇ ಅದ್ರಲ್ಲಿದ್ರು. ಪಾರ್ಲಿಮೆಂಟ್ ಸದಸ್ಯರಾಗಿದ್ದ ಚಿಯಾ ಥೈ ಪೋ ಅನ್ನೋರನ್ನ 1966ರಲ್ಲಿ ಒಳಗೆ ಹಾಕಿದೋರು 23 ವರ್ಷ ಇಟ್ಕೊಂಡ್ರು, ಬಿಟ್ಟ ಮೇಲೂ ಸೆಂಟೋಸ ದ್ವೀಪದಲ್ಲೇ ಇರ್ಬೇಕು ಅಂದ್ರು. ನೀವು ರೋಲರ್ ಕೋಸ್ಟರ್ ಹತ್ತೋಕೆ ಹೋಗ್ತೀರಲ್ಲ, ಅದೇ ಸೆಂಟೋಸ. ಇದಕ್ಕೆ ಸ್ಮಾರಕ ಹುಡುಕ್ಬೇಡಿ. ಓದ್ಬೇಕು ಅಂದ್ರೆ ನ್ಯಾಷನಲ್ ಲೈಬ್ರರಿಯೋರ ನ್ಯೂಸ್‌ಪೇಪರ್ ಎಸ್.ಜಿ. ಅನ್ನೋ ಸೈಟಿಗೆ ಹೋಗಿ, 19ನೇ ಶತಮಾನದಿಂದ್ಲೂ ಹಳೇ ಪೇಪರ್ ಸ್ಕ್ಯಾನ್ ಮಾಡಿ ಹಾಕಿದಾರೆ, ತಾರೀಕು ಹಾಕಿ ಮಾರನೇ ದಿನದ ಪೇಪರ್ ತೆಗೆದು ಆಗ ಏನಂತ ಬರೆದ್ರು ಅಂತ ನೀವೇ ನೋಡ್ಬೋದು. "ಮೈಸೂರ್" ಅಂತ ಹುಡುಕಿ ನೋಡಿ, ಸಂಜೆ ಕಳೆದುಹೋಗತ್ತೆ.

ಕೊನೇ ಜಾಗ ಮರೀನಾ ಬ್ಯಾರೇಜ್, ಸೂರ್ಯ ಮುಳುಗೋ ಒಂದು ಗಂಟೆ ಮುಂಚೆ ತಲುಪ್ಕೊಳ್ಳಿ. ಇಲ್ಲಿ ನೀರಿನ ಕಥೆ. 1942ರಲ್ಲಿ ಬ್ರಿಟಿಷರು ಮಲಯ ಕಡೆ ಹೋಗೋ ಜೊಹೋರ್ ಸೇತುವೆ ಒಡೆದಾಗ ಅದ್ರ ಮೇಲಿದ್ದ ನೀರಿನ ಪೈಪೂ ಹೋಯ್ತು, ಸೋಲಿಗೆ ನೀರೂ ಒಂದು ಕಾರಣ ಆಯ್ತು, ಅದನ್ನ ಇವ್ರು ಯಾವತ್ತೂ ಮರೀಲಿಲ್ಲ. 1962ರ ಒಪ್ಪಂದದ ಪ್ರಕಾರ ಮಲೇಶಿಯಾದಿಂದ ದಿನಕ್ಕೆ 25 ಕೋಟಿ ಗ್ಯಾಲನ್ ತಗೋಬೋದು, 2061ರ ವರೆಗೆ, ಸಾವಿರ ಗ್ಯಾಲನ್‌ಗೆ 3 ಸೆನ್ (ಮಲೇಶಿಯಾದ ಪೈಸೆ). ಆ ತಾರೀಕು ಬರೋ ಮುಂಚೆ ಸ್ವಂತ ನೀರು ಮಾಡ್ಕೋಬೇಕು ಅಂತ ಚರಂಡಿ ನೀರು ಶುದ್ಧ ಮಾಡಿದ್ರು, ಸಮುದ್ರದ ನೀರು ಸೋಸಿದ್ರು, 2008ರಲ್ಲಿ ಈ ಅಣೆಕಟ್ಟು ಹಾಕಿ ನಿನ್ನೆ ನೋಡಿದ ಹೊಳೆ ಸಮುದ್ರ ಸೇರೋ ಬಾಯನ್ನೇ ಮುಚ್ಚಿ ಸಿಹಿನೀರಿನ ಕೆರೆ ಮಾಡಿದ್ರು. ಹೊಳೆ ಯಾಕೆ ಅಷ್ಟು ತೊಳೆದ್ರು ಅನ್ನೋದು ಇಲ್ಲಿ ಬಂದ್ಮೇಲೆ ಸರಿಯಾಗಿ ತಲೆಗೆ ಹೋಗತ್ತೆ.

ಮೇಲೆ ಹುಲ್ಲಿನ ತಾರಸಿ ಇದೆ, ಮಕ್ಕಳು ಗಾಳಿಪಟ ಹಾರಿಸ್ತಿರ್ತಾರೆ. ಮಾವ ಹುಲ್ಲಿನ ಮೇಲೆ ಕೂತು ಹಿಂದೆ ಕಾಣೋ ಮೂರು ಕಾಲಿನ ಹೋಟ್ಲು, ಗಾರ್ಡನ್ನು, ಕೆಳಗಿನ ರಸ್ತೆ ಎಲ್ಲ ತೋರಿಸಿ "ಇದೂ ಸಮುದ್ರನೇನೋ?" ಅಂದ್ರು. ಹೌದು ಮಾವ, ಇದೂ ಸಮುದ್ರನೇ. 1960ರ ದಶಕದಲ್ಲಿ 581 ಚದರ ಕಿಲೋಮೀಟರ್ ಇದ್ದ ದ್ವೀಪ ಈಗ 730 ದಾಟಿದೆ ಅಂದಾಗ ಜೇಬಿಂದ ಪೆನ್ ತೆಗೆದು ಬಸ್ ಟಿಕೆಟ್ ಹಿಂದೆ ಎಕರೆಗೆ ಲೆಕ್ಕ ಹಾಕೋಕೆ ಕೂತ್ರು, ಮೂವತ್ತಾರು ಸಾವಿರ ಎಕರೆ ಮೇಲೆ ಬಂತು. ಬಾಟ್ಲಿ ಖಾಲಿ ಆಗಿದ್ರೆ ಕೆಳಗಡೆ ನಲ್ಲಿಲೇ ತುಂಬಿಸ್ಕೊಳ್ಳಿ, ಕುಡಿಯೋ ನೀರೇ. ಕತ್ತಲಾದ್ಮೇಲೆ ವಾಪಸ್ ಬರೋಕೆ ಗಾರ್ಡನ್ಸ್ ಬೈ ದ ಬೇ ಕಡೆ ನಡ್ಕೊಂಡು ಹೋದ್ರೆ ಎಂ.ಆರ್.ಟಿ. ಸಿಗತ್ತೆ.